ಕಡಲಿನಲ್ಲಿ ಬಾಣಂತನ

ಹೆರಿಗೆಯಾದ ಹೆಣ್ಣುಮಗಳು ತವರಿನಲ್ಲಿದ್ದರೆ ಅವಳಿಗೆ ಹೊತ್ತುಹೊತ್ತಿಗೆ ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು. ಉತ್ತರ ಕರ್ನಾಟಕದ ಕಡೆಯಾದರೆ ಜೊತೆಗೆ ಅಂಟಿನುಂಡೆ. ಮಗುವನ್ನು ಎತ್ತಿಕೊಳ್ಳಲು ಅಜ್ಜಿ, ನೀರು ಕಾಯಿಸಲು ಚಿಕ್ಕಮ್ಮ, ಬಟ್ಟೆ ಒಗೆಯಲು ಮತ್ತೊಬ್ಬರು. ಇದು ಬರೀ ಮಮತೆಯ ಮಾತಲ್ಲ, ಇದರ ಹಿಂದೆ ದೇಹದ ಲೆಕ್ಕವೂ ಇದೆ. ಎಳೆಮಗುವಿಗೆ ಹಾಲೂಡಿಸುವ ತಾಯಿಗೆ ದಿನವೂ ಸುಮಾರು 500ರಿಂದ 600 ಕಿಲೊಕ್ಯಾಲರಿಯಷ್ಟು ಹೆಚ್ಚಿನ ಆಹಾರ ಬೇಕಾಗುತ್ತದೆ. ಅದನ್ನು ಮನೆಯವರು ತಟ್ಟೆಗೆ ತಂದು ಹಾಕುತ್ತಾರೆ. ಈ ಲೆಕ್ಕವನ್ನು ಯಾರೂ ಅಳೆದು ನೋಡದೆಯೇ ನಮ್ಮ ಹಿರಿಯರು ಅನುಭವದಿಂದ ಕಂಡುಕೊಂಡಿದ್ದರು.

ಕಡಲಿನಲ್ಲಿ ಬಾಣಂತನ ಮಾಡುವವರು ಯಾರು? ಸೀಲ್‌ಗಳು, ಕಡಲ ನೀರುನಾಯಿಗಳು ನಮ್ಮಂತೆಯೇ ಮರಿ ಹಾಕಿ ಹಾಲೂಡಿಸುವ ಸಸ್ತನಿಗಳು. ಆದರೆ ಅಲ್ಲಿ ತವರಿಲ್ಲ, ಅಜ್ಜಿಯಿಲ್ಲ. ಮರಿಯ ತಂದೆಯಿಂದಲೂ ಯಾವ ನೆರವೂ ಇಲ್ಲ. ಸುತ್ತ ಕೊರೆಯುವ ನೀರು ಅಥವಾ ಹಿಮ. ಹುಟ್ಟಿದ ಮರಿ ಆ ಚಳಿಯಲ್ಲಿ ಬದುಕಬೇಕಾದರೆ ಬಹುಬೇಗ ಬೆಳೆಯಬೇಕು, ಬೆಳೆಯಬೇಕಾದರೆ ಗಟ್ಟಿ ಹಾಲು ಬೇಕು. ಆ ಹಾಲನ್ನು ತಾಯಿ ಎಲ್ಲಿಂದ ತರುತ್ತದೆ? ಅದಕ್ಕಾಗಿ ಅದು ಏನನ್ನು ತೆರುತ್ತದೆ? ಕಳೆದ ಕೆಲವು ದಶಕಗಳಲ್ಲಿ ವಿಜ್ಞಾನಿಗಳು ಈ ಲೆಕ್ಕವನ್ನು ಕಿಲೊ, ಗ್ರಾಂಗಳಲ್ಲಿ ಅಳೆದು ತೋರಿಸಿದ್ದಾರೆ.

ಗಂಟು ಕಟ್ಟಿಕೊಂಡು ಬರುವ ತಾಯಿ

ಕಡಲಿನ ತಾಯಂದಿರಲ್ಲಿ ಎರಡು ಬಗೆಯ ಸಂಸಾರಗಳಿವೆ. ಮೊದಲನೆಯದು ಕೂಡಿಟ್ಟ ಗಂಟಿನಿಂದ ನಡೆಯುವ ಸಂಸಾರ. ಅಮೆರಿಕದ ಕ್ಯಾಲಿಫೋರ್ನಿಯದ ಕರಾವಳಿಯಲ್ಲಿರುವ ಆನ್ಯೊ ನುಎವೊ ಎಂಬಲ್ಲಿಗೆ ಪ್ರತಿವರ್ಷ ಚಳಿಗಾಲದಲ್ಲಿ ಬರುವ ಆನೆ ಸೀಲ್‌ಗಳು ಇದಕ್ಕೆ ಒಳ್ಳೆಯ ಉದಾಹರಣೆ. ಗಂಡಿನ ಮೂತಿ ಸೊಂಡಿಲಿನಂತೆ ಜೋತುಬಿದ್ದಿರುವುದರಿಂದ ಈ ಹೆಸರು. ಸಾಂತಾ ಕ್ರೂಸ್‌ನಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಂಶೋಧಕರು 1960ರ ದಶಕದಿಂದಲೂ ಇವುಗಳನ್ನು ಅಲ್ಲಿ ಅಧ್ಯಯನ ಮಾಡುತ್ತಿದ್ದಾರೆ.

ಗರ್ಭ ಧರಿಸಿದ ಹೆಣ್ಣು ಆನೆ ಸೀಲ್ ತಿಂಗಳುಗಟ್ಟಲೆ ಪೆಸಿಫಿಕ್ ಸಾಗರದಲ್ಲಿ ಮುಳುಗೇಳುತ್ತ ಮೀನು, ಸ್ಕ್ವಿಡ್‌ಗಳನ್ನು ತಿಂದು ಚರ್ಮದ ಕೆಳಗೆ ದಪ್ಪನೆಯ ಕೊಬ್ಬು ಕಟ್ಟಿಕೊಳ್ಳುತ್ತದೆ. ಆಮೇಲೆ ದಡಕ್ಕೆ ಬಂದು ಒಂದು ವಾರದೊಳಗೆ ಮರಿ ಹಾಕುತ್ತದೆ. ಅಲ್ಲಿಂದ ಮುಂದೆ ಸುಮಾರು ನಾಲ್ಕು ವಾರ ಮರಿಗೆ ಹಾಲೂಡಿಸುವುದೊಂದೇ ಅದರ ಕೆಲಸ. ಈ ಅವಧಿಯಲ್ಲಿ ಅದು ಒಂದು ತುತ್ತು ಆಹಾರವನ್ನೂ ತಿನ್ನುವುದಿಲ್ಲ, ಒಂದು ಗುಟುಕು ನೀರನ್ನೂ ಕುಡಿಯುವುದಿಲ್ಲ!

ನೀರು ಕುಡಿಯದೆ ಹಾಲು ಬರುವುದಾದರೂ ಹೇಗೆ? ಉತ್ತರ ರಸಾಯನ ವಿಜ್ಞಾನದಲ್ಲಿದೆ. ಕೊಬ್ಬಿನಲ್ಲಿ ಹೈಡ್ರೋಜನ್ ಹೇರಳವಾಗಿದೆ. ಕೊಬ್ಬು ದೇಹದಲ್ಲಿ ಉರಿದಾಗ ಆ ಹೈಡ್ರೋಜನ್ ನಾವು ಉಸಿರಾಡುವ ಆಮ್ಲಜನಕದೊಡನೆ ಸೇರಿ ನೀರಾಗುತ್ತದೆ. ಒಂದು ಗ್ರಾಂ ಕೊಬ್ಬು ಉರಿದರೆ ಒಂದು ಗ್ರಾಂಗಿಂತ ತುಸು ಹೆಚ್ಚೇ ನೀರು ದೊರೆಯುತ್ತದೆ. ಜೊತೆಗೆ ಸುಮಾರು 9 ಕಿಲೊಕ್ಯಾಲರಿ ಶಕ್ತಿ. ಅನ್ನದಲ್ಲಿರುವ ಪಿಷ್ಟದಿಂದ ಗ್ರಾಂಗೆ ದೊರೆಯುವುದು ಕೇವಲ 4 ಕಿಲೊಕ್ಯಾಲರಿ. ಅಂದರೆ ಆನೆ ಸೀಲ್‌ನ ಕೊಬ್ಬು ಅದರ ಉಗ್ರಾಣವೂ ಹೌದು, ನೀರಿನ ತೊಟ್ಟಿಯೂ ಹೌದು. ಆ ನೀರನ್ನೂ ಅದು ಹಿಡಿತದಿಂದಲೇ ಖರ್ಚು ಮಾಡುತ್ತದೆ. ಮೊದಲ ದಿನಗಳಲ್ಲಿ ತೆಳ್ಳಗಿರುವ ಹಾಲು ದಿನಕಳೆದಂತೆ ಗಟ್ಟಿಯಾಗುತ್ತ ಹೋಗಿ ಕೊನೆಗೆ ಅದರಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಕೊಬ್ಬೇ ಇರುತ್ತದೆ. ನಮ್ಮ ಹಸುವಿನ ಹಾಲಿನಲ್ಲಿರುವ ಕೊಬ್ಬು ಸುಮಾರು ಶೇ. 4, ಎಮ್ಮೆಯ ಹಾಲಿನಲ್ಲಿ ಸುಮಾರು ಶೇ. 7 ಎಂಬುದನ್ನು ನೆನೆದರೆ ಈ ಹಾಲು ಎಂಥದು ಎಂಬುದು ಊಹೆಗೆ ಬಂದೀತು.

ಈಗ ಜಮಾಖರ್ಚು ನೋಡೋಣ. ಮರಿ ಹಾಕಿದಾಗ ತಾಯಿಯ ತೂಕ ಸುಮಾರು 500 ಕಿಲೊ. ನಾಲ್ಕು ವಾರಗಳ ಕೊನೆಗೆ ಅದರಲ್ಲಿ ಸುಮಾರು ಶೇ. 40ರಷ್ಟು, ಎಂದರೆ 200 ಕಿಲೊದಷ್ಟು ಕರಗಿಹೋಗಿರುತ್ತದೆ. ಮರಿಯಾದರೋ ಸುಮಾರು 40 ಕಿಲೊ ಇದ್ದದ್ದು ಮೂರು ಪಟ್ಟಿಗೂ ಹೆಚ್ಚು ಬೆಳೆದು 130 ಕಿಲೊದ ಆಸುಪಾಸಿಗೆ ಬಂದಿರುತ್ತದೆ. ಮರಿ ಒಂದು ಕಿಲೊ ಹೆಚ್ಚಿದರೆ ತಾಯಿ ಎರಡು ಕಿಲೊ ಇಳಿಯುತ್ತದೆ ಎಂದಾಯಿತು. ಆಮೇಲೆ ತಾಯಿ ಮರಿಯನ್ನು ದಡದಲ್ಲೇ ಬಿಟ್ಟು ಕಡಲಿಗೆ ಇಳಿದುಬಿಡುತ್ತದೆ. ಕಲ್ಲು ಮನಸ್ಸೆಂದು ಬೈಯುವಂತಿಲ್ಲ, ಗಂಟು ಬರಿದಾಗಿದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಸೀಲ್‌ಗೂ ಸಲ್ಲುತ್ತದೆ.

ಉತ್ತರ ಅಟ್ಲಾಂಟಿಕ್‌ನ ತೇಲುವ ಹಿಮದ ಮೇಲೆ ಮರಿ ಹಾಕುವ ಹುಡೆಡ್ ಸೀಲ್ ಇದೇ ಕೆಲಸವನ್ನು ಇನ್ನೂ ಅವಸರದಲ್ಲಿ ಮುಗಿಸುತ್ತದೆ. ಕಾಲ ಕೆಳಗಿನ ಹಿಮ ಯಾವಾಗ ಒಡೆದೀತೆಂದು ಹೇಳಲಾಗದು. ಆದ್ದರಿಂದ ಅದರ ಹಾಲೂಡಿಕೆ ಕೇವಲ ನಾಲ್ಕು ದಿನ. ಹಾಲಿನಲ್ಲಿ ಸುಮಾರು ಶೇ. 60ರಷ್ಟು ಕೊಬ್ಬು. ಆ ನಾಲ್ಕೇ ದಿನಗಳಲ್ಲಿ 22 ಕಿಲೊದ ಮರಿ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಸಸ್ತನಿಗಳಲ್ಲೇ ಅತಿ ಚಿಕ್ಕ ಹಾಲೂಡಿಕೆ ಇದು.

ತಾಯಿ ಕೊಡುವುದು ಕೊಬ್ಬನ್ನು ಮಾತ್ರವಲ್ಲ. ಅಂಟಾರ್ಕ್ಟಿಕದ ವೆಡೆಲ್ ಸೀಲ್‌ಗಳನ್ನು ಕುರಿತು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಬ್ಬಿಣದ ಲೆಕ್ಕವನ್ನೂ ಬಿಡಿಸಿ ತೋರಿಸಿತು. ಆಳಕ್ಕೆ ಮುಳುಗುವ ಪ್ರಾಣಿ ಆಮ್ಲಜನಕವನ್ನು ರಕ್ತದಲ್ಲಿಯೂ ಸ್ನಾಯುಗಳಲ್ಲಿಯೂ ತುಂಬಿಕೊಂಡು ಹೋಗಬೇಕು. ರಕ್ತದ ಹೀಮೊಗ್ಲೋಬಿನ್‌ಗೂ ಸ್ನಾಯುವಿನ ಮಯೋಗ್ಲೋಬಿನ್‌ಗೂ ಕಬ್ಬಿಣ ಬೇಕೇ ಬೇಕು. ತಾಯಿ ಸೀಲ್ ತನ್ನ ಪಿತ್ತಜನಕಾಂಗದಲ್ಲಿ ಕೂಡಿಟ್ಟ ಕಬ್ಬಿಣವನ್ನು ತೆಗೆದು ಹಾಲಿನ ಮೂಲಕ ಮರಿಗೆ ವರ್ಗಾಯಿಸುತ್ತದೆ. ಅದರ ಪರಿಣಾಮವಾಗಿ, ಮರಿಯನ್ನು ಬಿಡಿಸಿದ ಮೇಲೆ ತಾಯಿ ಮೊದಲಿನಷ್ಟು ಹೊತ್ತು ನೀರಿನೊಳಗೆ ಉಸಿರು ಹಿಡಿದಿರಲಾರದು. ಮರಿ ಮುಳುಗಲು ಕಲಿಯಲೆಂದು ತಾಯಿ ತನ್ನ ಮುಳುಗುವ ಶಕ್ತಿಯಲ್ಲೇ ಪಾಲು ಕೊಟ್ಟಂತಾಯಿತು.

ದಿನಗೂಲಿಯ ತಾಯಿ

ಎರಡನೆಯದು ದಿನಗೂಲಿಯ ಸಂಸಾರ. ಅಂದಂದಿನ ದುಡಿಮೆ ಅಂದಂದಿಗೇ. ಕೂಡಿಟ್ಟ ಗಂಟು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಇದಕ್ಕೆ ಕಡಲ ನೀರುನಾಯಿಗಿಂತ ಮಿಗಿಲಾದ ಉದಾಹರಣೆ ಸಿಗದು.

ನಮ್ಮ ಕಾವೇರಿ, ತುಂಗಭದ್ರಾ ನದಿಗಳಲ್ಲಿರುವ ನೀರುನಾಯಿಗಳಿಗೆ ಇದು ದೂರದ ನೆಂಟ. ನಮ್ಮವು ದಡಕ್ಕೆ ಬಂದು ಬಿಸಿಲು ಕಾಯಿಸುತ್ತವೆ, ಬಿಲದಲ್ಲಿ ಮಲಗುತ್ತವೆ. ಉತ್ತರ ಪೆಸಿಫಿಕ್‌ನ ಈ ನೆಂಟ ಹೆಚ್ಚುಕಡಿಮೆ ಇಡೀ ಬದುಕನ್ನು ನೀರಿನಲ್ಲೇ ಕಳೆಯುತ್ತದೆ. ಉಣ್ಣುವುದು, ಮಲಗುವುದು, ಮರಿ ಹಾಕುವುದು ಎಲ್ಲವೂ ಅಲ್ಲೇ. ಕ್ಯಾಲಿಫೋರ್ನಿಯದ ಕರಾವಳಿಯಲ್ಲಿರುವ ಉಪಜಾತಿಯ ಹೆಣ್ಣಿನ ತೂಕ ಸುಮಾರು 20 ಕಿಲೊ. ಕಡಲಿನ ಸಸ್ತನಿಗಳ ಪೈಕಿ ಇದು ತೀರ ಚಿಕ್ಕದು.

ಚಿಕ್ಕದಾಗಿರುವುದೇ ಇದರ ಕಷ್ಟ. ದೇಹ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಮೈಯ ಹೊರಮೈ ಹೆಚ್ಚು, ಆದ್ದರಿಂದ ಶಾಖದ ಸೋರಿಕೆಯೂ ಹೆಚ್ಚು. ದೊಡ್ಡ ಹಂಡೆಯ ನೀರಿಗಿಂತ ಚಿಕ್ಕ ಲೋಟದ ನೀರು ಬೇಗ ಆರುವುದಿಲ್ಲವೇ, ಹಾಗೆ. ಅದೂ ಅಲ್ಲದೆ ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಶಾಖವನ್ನು ಸೆಳೆದುಕೊಳ್ಳುತ್ತದೆ. ಸೀಲ್, ತಿಮಿಂಗಿಲಗಳಿಗಿರುವ ದಪ್ಪ ಕೊಬ್ಬಿನ ಹೊದಿಕೆ ನೀರುನಾಯಿಗೆ ಇಲ್ಲ. ಇದಕ್ಕಿರುವುದು ತುಪ್ಪಳ ಮಾತ್ರ. ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕೂದಲಿರುವುದುಂಟು. ಮನುಷ್ಯನ ಇಡೀ ತಲೆಯಲ್ಲಿರುವುದೇ ಸುಮಾರು ಒಂದು ಲಕ್ಷ! ಈ ದಟ್ಟ ಕೂದಲಿನ ನಡುವೆ ಸಿಕ್ಕಿಕೊಂಡ ಗಾಳಿಯೇ ಅದರ ಕಂಬಳಿ.

ಆದರೆ ಕಂಬಳಿಯೊಂದೇ ಸಾಲದು, ಒಳಗಿನ ಒಲೆಯೂ ಜೋರಾಗಿ ಉರಿಯಬೇಕು. ಅಷ್ಟೇ ತೂಕದ ನೆಲದ ಪ್ರಾಣಿಗೆ ಹೋಲಿಸಿದರೆ ಕಡಲ ನೀರುನಾಯಿಯ ಚಯಾಪಚಯ ಸುಮಾರು ಮೂರು ಪಟ್ಟು ಚುರುಕು. 2021ರಲ್ಲಿ ಪ್ರಕಟವಾದ ಸಂಶೋಧನೆಯಂತೆ, ಇದರ ಸ್ನಾಯುಕೋಶಗಳಲ್ಲಿರುವ ಮೈಟೊಕಾಂಡ್ರಿಯಗಳು ಶಕ್ತಿಯ ಒಂದು ಪಾಲನ್ನು ಯಾವ ಕೆಲಸಕ್ಕೂ ಹಚ್ಚದೆ ಬರಿಯ ಶಾಖವಾಗಿ ಸೋರಲು ಬಿಡುತ್ತವೆ. ಎಂದರೆ ಸುಮ್ಮನೆ ಮಲಗಿದ್ದಾಗಲೂ ಒಲೆ ಉರಿಯುತ್ತಲೇ ಇರುತ್ತದೆ.

ಒಲೆಗೆ ಸೌದೆ ಬೇಕಷ್ಟೆ. ಕಡಲ ನೀರುನಾಯಿ ದಿನವೂ ತನ್ನ ತೂಕದ ಶೇ. 20ರಿಂದ 25ರಷ್ಟು ಆಹಾರ ತಿನ್ನುತ್ತದೆ. 40 ಕಿಲೊ ತೂಗುವ ಶಾಲೆಯ ಹುಡುಗನೊಬ್ಬ ಈ ಪ್ರಮಾಣದಲ್ಲಿ ಉಂಡರೆ ದಿನಕ್ಕೆ 8ರಿಂದ 10 ಕಿಲೊ ಬೇಕು! ಏಡಿ, ಕಪ್ಪೆಚಿಪ್ಪು, ಸೀ ಅರ್ಚಿನ್ ಎಂಬ ಮುಳ್ಳುಮೈಯ ಜೀವಿ ಮುಂತಾದವನ್ನು ತಳಕ್ಕೆ ಮುಳುಗಿ ಒಂದೊಂದಾಗಿ ಹೆಕ್ಕಿ ತರಬೇಕು. ಮರಿಯಿಲ್ಲದ ದಿನಗಳಲ್ಲೇ ಪರಿಸ್ಥಿತಿ ಹೀಗಿದೆ. ಇನ್ನು ಮರಿ ಹುಟ್ಟಿದ ಮೇಲೆ?

ಆರು ತಿಂಗಳ ಲೆಕ್ಕ

ಕಡಲ ನೀರುನಾಯಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಮರಿಯ ಎಳೆ ತುಪ್ಪಳ ಎಷ್ಟು ಗಾಳಿ ಹಿಡಿದಿರುತ್ತದೆಂದರೆ ಅದು ಬೆಂಡಿನಂತೆ ತೇಲುತ್ತದೆ. ಮುಳುಗಬೇಕೆಂದರೂ ಮುಳುಗಲಾರದು. ತಾಯಿ ಅಂಗಾತ ತೇಲುತ್ತ ಎದೆಯ ಮೇಲೆ ಮರಿಯನ್ನು ಮಲಗಿಸಿಕೊಂಡು ಹಾಲೂಡಿಸುತ್ತದೆ, ಗಂಟೆಗಟ್ಟಲೆ ಅದರ ಮೈ ನೆಕ್ಕಿ ತುಪ್ಪಳವನ್ನು ಒಣಗಿಸುತ್ತದೆ. ಆಹಾರಕ್ಕೆಂದು ಮುಳುಗುವಾಗ ಮರಿ ಅಲೆಯಲ್ಲಿ ತೇಲಿಹೋಗದಂತೆ ಕೆಲ್ಪ್ ಎಂಬ ಉದ್ದನೆಯ ಕಡಲಕಳೆಯನ್ನು ಅದಕ್ಕೆ ಸುತ್ತಿ ಹೋಗುವುದೂ ಉಂಟು. ಹೊಲದ ಬದುವಿನ ಮರಕ್ಕೆ ಜೋಳಿಗೆ ಕಟ್ಟಿ ಮಗುವನ್ನು ಮಲಗಿಸಿ ಕಳೆ ಕೀಳಲು ಹೋಗುವ ತಾಯಂದಿರನ್ನು ನಮ್ಮ ಕಡೆ ಕಾಣುವುದಿಲ್ಲವೇ!

ಈ ಪಾಲನೆ ಸುಮಾರು ಆರು ತಿಂಗಳು ನಡೆಯುತ್ತದೆ. ಮರಿ ಬೆಳೆದಂತೆ ಹಾಲಿನ ಜೊತೆಗೆ ತಾನು ತಂದ ಏಡಿ, ಚಿಪ್ಪುಗಳಲ್ಲೂ ತಾಯಿ ಪಾಲು ಕೊಡಬೇಕು. ಇದರಿಂದ ತಾಯಿಯ ಮೇಲೆ ಬೀಳುವ ಹೊರೆ ಎಷ್ಟು? ಕ್ಯಾಲಿಫೋರ್ನಿಯದ ಮಾಂಟೆರಿ ಬೇ ಅಕ್ವೇರಿಯಂನಲ್ಲಿ ಸಾಕಲಾಗುತ್ತಿದ್ದ ಬೇರೆ ಬೇರೆ ವಯಸ್ಸಿನ ಮರಿಗಳು ಮಲಗಿದಾಗ, ಈಜುವಾಗ, ಮುಳುಗುವಾಗ ಎಷ್ಟೆಷ್ಟು ಆಮ್ಲಜನಕ ಬಳಸುತ್ತವೆ ಎಂಬುದನ್ನು ಸಂಶೋಧಕರು ಅಳೆದರು. ಬಳಸಿದ ಆಮ್ಲಜನಕ ತಿಳಿದರೆ ಖರ್ಚಾದ ಶಕ್ತಿ ತಿಳಿಯುತ್ತದೆ. ಕಡಲಿನಲ್ಲಿರುವ ಮರಿಗಳು ದಿನದ ಎಷ್ಟು ಹೊತ್ತು ಯಾವ ಕೆಲಸ ಮಾಡುತ್ತವೆ ಎಂಬುದನ್ನು ಇದಕ್ಕೆ ಜೋಡಿಸಿ ಲೆಕ್ಕ ಹಾಕಲಾಯಿತು. 2014ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮರಿಗೆ ಮೂರು ವಾರವಾಗುವಷ್ಟರಲ್ಲಿ ತಾಯಿಗೆ ಬೇಕಾದ ದಿನದ ಶಕ್ತಿ ಶೇ. 17ರಷ್ಟು ಏರುತ್ತದೆ, ಆರು ತಿಂಗಳ ಕೊನೆಗೆ ಶೇ. 96ರಷ್ಟು. ಎಂದರೆ ಹೆಚ್ಚುಕಡಿಮೆ ಎರಡರಷ್ಟು!

ವಿದ್ಯಾರ್ಥಿಗಳು ಇಲ್ಲೊಂದು ಸುಲಭದ ಲೆಕ್ಕ ಮಾಡಿ ನೋಡಬಹುದು. 20 ಕಿಲೊದ ಹೆಣ್ಣಿಗೆ ಮೊದಲು ದಿನಕ್ಕೆ 4 ಕಿಲೊ ಆಹಾರ ಸಾಕಾಗುತ್ತಿತ್ತು ಎಂದಿಟ್ಟುಕೊಳ್ಳೋಣ. ಅದು ಎರಡರಷ್ಟಾದರೆ 8 ಕಿಲೊ. ಒಂದೊಂದು ಏಡಿ 100 ಗ್ರಾಂ ಎಂದು ಹಿಡಿದರೆ 80 ಏಡಿಗಳು. ಎರಡು ಸಲ ಮುಳುಗಿದರೆ ಒಂದು ಸಲ ಮಾತ್ರ ಏಡಿ ಸಿಗುತ್ತದೆ ಎಂದುಕೊಂಡರೆ 160 ಮುಳುಗು. ಮುಳುಗಿ, ಮೇಲೆ ಬಂದು, ಒಡೆದು ತಿಂದು ಮತ್ತೆ ಮುಳುಗಲು ಸರಾಸರಿ 4 ನಿಮಿಷವಾದರೆ 640 ನಿಮಿಷ, ಅಂದರೆ ಹತ್ತೂವರೆ ಗಂಟೆಗೂ ಮಿಗಿಲು. ಇದರಲ್ಲಿ ಏಡಿಯ ತೂಕ, ಸಮಯ ಎಲ್ಲವೂ ಊಹೆಯ ಅಂಕಿಗಳು, ನಿಜ. ಆದರೆ ಊಹೆಯನ್ನು ಅತ್ತಿತ್ತ ಮಾಡಿದರೂ ಒಂದು ಸಂಗತಿ ಬದಲಾಗದು. ಮರಿಗೆ ಹಾಲೂಡಿಸಲು, ತುಪ್ಪಳ ಒಪ್ಪ ಮಾಡಲು, ದಣಿವಾರಿಸಿಕೊಳ್ಳಲು ದಿನದಲ್ಲಿ ಉಳಿಯುವ ಸಮಯ ತೀರ ಕಡಿಮೆ. ಏಡಿಗಳ ಗಾತ್ರ ಅರ್ಧಕ್ಕೆ ಇಳಿದರೆ ಏನಾಗುತ್ತದೆ ಎಂಬುದನ್ನೂ ಲೆಕ್ಕ ಹಾಕಿ ನೋಡಿ. ದಿನದ 21 ಗಂಟೆಗೂ ಹೆಚ್ಚು ಹೊತ್ತು ಬೇಟೆಗೇ ಹೋಗುತ್ತದೆ!

ಕೊನೆಯ ದಿನಗಳ ಬಳಲಿಕೆ

ದುಡಿಮೆ ಸಾಲದೆ ಬಂದಾಗ ದೇಹ ಸಾಲ ಮಾಡುತ್ತದೆ. ಇದ್ದ ಅಷ್ಟಿಷ್ಟು ಕೊಬ್ಬು ಮೊದಲು ಕರಗುತ್ತದೆ. ಅದು ಮುಗಿದ ಮೇಲೆ ಸ್ನಾಯುಗಳೇ ಕರಗತೊಡಗುತ್ತವೆ. ಹನಿಹನಿಗೂಡಿದರೆ ಹಳ್ಳ ಎನ್ನುವಂತೆ ಹನಿಹನಿ ಸೋರಿದರೂ ಹಳ್ಳ ಬತ್ತುತ್ತದೆ. ದಿನವೂ ಉಳಿದ ಸಣ್ಣ ಕೊರತೆಗಳೆಲ್ಲ ಸೇರಿ ಆರು ತಿಂಗಳ ಕೊನೆಗೆ ದೊಡ್ಡ ಕೊರತೆಯಾಗುತ್ತದೆ. ಆದ್ದರಿಂದಲೇ ತಾಯಿಗೆ ಅಪಾಯ ಹೆಚ್ಚಾಗಿ ಬರುವುದು ಹೆರಿಗೆಯ ಹೊತ್ತಿನಲ್ಲಿ ಅಲ್ಲ, ಮರಿ ದೊಡ್ಡದಾಗಿ ತಾಯಿಯನ್ನು ಬಿಡುವ ಹೊತ್ತಿನಲ್ಲಿ.

ಕ್ಯಾಲಿಫೋರ್ನಿಯದ ಕರಾವಳಿಗೆ ಬಂದು ಬಿದ್ದ ನೀರುನಾಯಿಗಳ ಶವಪರೀಕ್ಷೆ ಮಾಡುತ್ತಿದ್ದ ಪಶುವೈದ್ಯರು ಒಂದು ಸಂಗತಿಯನ್ನು ಮತ್ತೆ ಮತ್ತೆ ಕಂಡರು. ಮರಿಯನ್ನು ಸಾಕಿ ಮುಗಿಸುವ ಹಂತದಲ್ಲಿದ್ದ ಅಥವಾ ಆಗತಾನೇ ಮುಗಿಸಿದ್ದ ಹೆಣ್ಣುಗಳು ಎಲುಬಿನ ಗೂಡಾಗಿರುತ್ತಿದ್ದವು. ಅಷ್ಟೊಂದು ಸೊರಗಲು ಬೇರೆ ಯಾವ ರೋಗವೂ ಕಾರಣವೆಂದು ತೋರುತ್ತಿರಲಿಲ್ಲ. ಈ ಸ್ಥಿತಿಗೆ ‘ಎಂಡ್ ಲ್ಯಾಕ್ಟೇಷನ್ ಸಿಂಡ್ರೋಮ್’, ಅಂದರೆ ಹಾಲೂಡಿಕೆಯ ಕೊನೆಯ ಬಳಲಿಕೆ, ಎಂದು ಹೆಸರಿಟ್ಟರು. 2005ರಿಂದ 2012ರವರೆಗೆ ಪರೀಕ್ಷಿಸಿದ 108 ವಯಸ್ಕ ಹೆಣ್ಣುಗಳ ಪೈಕಿ ಶೇ. 56ರಷ್ಟರ ಸಾವಿಗೆ ಈ ಬಳಲಿಕೆ ಮುಖ್ಯ ಕಾರಣವಾಗಿತ್ತು, ಇಲ್ಲವೆ ಕಾರಣಗಳಲ್ಲಿ ಒಂದಾಗಿತ್ತು ಎಂದು 2016ರಲ್ಲಿ ಪ್ರಕಟವಾದ ವರದಿ ತಿಳಿಸಿತು. ಇಲ್ಲಿ ಒಂದು ಎಚ್ಚರ ಬೇಕು. ಇದು ದಡಕ್ಕೆ ಬಂದು ಬಿದ್ದ ಹೆಣ್ಣುಗಳ ಲೆಕ್ಕವೇ ಹೊರತು ತಾಯಿಯಾದ ಎಲ್ಲ ಹೆಣ್ಣುಗಳ ಲೆಕ್ಕವಲ್ಲ. ಅಂಕಿಸಂಖ್ಯೆಗಳನ್ನು ಓದುವಾಗ ‘ಯಾರನ್ನು ಎಣಿಸಿದ್ದಾರೆ?’ ಎಂಬ ಪ್ರಶ್ನೆಯನ್ನು ಮರೆಯಬಾರದು.

ಸೊರಗಿದ ತಾಯಿಗೆ ಸುಧಾರಿಸಿಕೊಳ್ಳಲು ಬಿಡುವೂ ಇರುವುದಿಲ್ಲ. ಮರಿ ಬಿಟ್ಟ ಕೆಲವೇ ದಿನಗಳಲ್ಲಿ ಅದು ಮತ್ತೆ ಗಂಡಿನೊಡನೆ ಕೂಡುತ್ತದೆ. ಆಗ ಗಂಡು ಅದರ ಮೂತಿಯನ್ನು ಕಚ್ಚಿ ಹಿಡಿಯುವುದರಿಂದ ಗಾಯವಾಗುತ್ತದೆ. ಚೆನ್ನಾಗಿ ಉಂಡ ಹೆಣ್ಣಿಗೆ ಆ ಗಾಯ ಮಾಯುತ್ತದೆ, ಬಡಕಲಾದ ಹೆಣ್ಣಿಗೆ ಅದೇ ನಂಜಾಗಿ ಪ್ರಾಣ ತೆಗೆಯಬಹುದು. ಮನುಷ್ಯರಲ್ಲಿ ಹೆರಿಗೆ ಹೆರಿಗೆಗಳ ನಡುವೆ ಅಂತರವಿರಲಿ ಎಂದು ವೈದ್ಯರು ಹೇಳುವುದರ ಹಿಂದಿನ ತತ್ವವೂ ಇದೇ. ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ತಾಯಿಯ ದೇಹಕ್ಕೆ ಕಾಲ ಬೇಕು.

ಬಿಟ್ಟುಹೋಗುವ ತಾಯಿ, ಸಾಕುವ ತಾಯಿ

ಕೆಲವೊಮ್ಮೆ ತಾಯಿ ನೀರುನಾಯಿ ಎಳೆ ಮರಿಯನ್ನು ನಡುವಿನಲ್ಲೇ ಬಿಟ್ಟು ಹೋಗುತ್ತದೆ. ದಡದ ಬಳಿ ಮರಿಯೊಂದು ಕಿರುಚುತ್ತ ತೇಲುತ್ತಿದ್ದರೆ ನೋಡಿದವರ ಕರುಳು ಚುರುಕ್ ಎನ್ನುತ್ತದೆ. ‘ಎಂಥ ತಾಯಿ ಇದು!’ ಎಂದು ಕೇಳುವುದು ಸಹಜ. ಮೇಲಿನ ಲೆಕ್ಕವನ್ನು ತಿಳಿದವರು ಹಾಗೆ ಕೇಳಲಾರರು. ಹೆಣ್ಣು ನೀರುನಾಯಿ ಹದಿನೈದು ವರ್ಷಕ್ಕೂ ಹೆಚ್ಚು ಬದುಕಬಲ್ಲದು, ಹೆಚ್ಚುಕಡಿಮೆ ವರ್ಷಕ್ಕೊಂದು ಮರಿ ಹಾಕಬಲ್ಲದು. ಮೈಯಲ್ಲಿ ಕಸುವಿಲ್ಲದ ವರ್ಷ ಒಂದು ಮರಿಗಾಗಿ ತಾನೂ ಸತ್ತರೆ ತಾಯಿಯಿಲ್ಲದ ಆ ಮರಿಯೂ ಉಳಿಯದು, ಮುಂದೆ ಹುಟ್ಟಬಹುದಾಗಿದ್ದ ಮರಿಗಳೂ ಇಲ್ಲ. ಪ್ರಾಣಿ ಹೀಗೆಲ್ಲ ಯೋಚಿಸಿ ತೀರ್ಮಾನಿಸುತ್ತದೆ ಎಂದಲ್ಲ. ಅನೇಕ ತಲೆಮಾರುಗಳ ಅವಧಿಯಲ್ಲಿ ಹೀಗೆ ನಡೆದುಕೊಂಡ ತಾಯಂದಿರ ಸಂತತಿ ಹೆಚ್ಚು ಉಳಿದಿರಬೇಕು ಎಂಬುದು ಜೀವವಿಜ್ಞಾನಿಗಳ ವಿವರಣೆ.

ಇದು ಒಂದೊಂದು ತಾಯಿಯ ಪ್ರಶ್ನೆ ಮಾತ್ರವಲ್ಲ, ಇಡೀ ಉಪಜಾತಿಯ ಅಳಿವು ಉಳಿವಿನ ಪ್ರಶ್ನೆ. ತುಪ್ಪಳದ ವ್ಯಾಪಾರಕ್ಕಾಗಿ ನಡೆದ ಬೇಟೆಯಿಂದ ಕಡಲ ನೀರುನಾಯಿಗಳು ಅಳಿವಿನಂಚಿಗೆ ಬಂದಿದ್ದವು. 1911ರ ಅಂತರರಾಷ್ಟ್ರೀಯ ಒಪ್ಪಂದದಿಂದ ಅವಕ್ಕೆ ರಕ್ಷಣೆ ದೊರೆಯಿತು. ಕ್ಯಾಲಿಫೋರ್ನಿಯದಲ್ಲಿ ಅವು ಮುಗಿದೇಹೋದವು ಎಂದು ಹೆಚ್ಚಿನವರು ನಂಬಿದ್ದಾಗ, 1938ರಲ್ಲಿ ಬಿಗ್ ಸರ್ ಕರಾವಳಿಯಲ್ಲಿ ಒಂದು ಸಣ್ಣ ಗುಂಪು ಕಣ್ಣಿಗೆ ಬಿತ್ತು. ಆ ಗುಂಪಿನ ಸಂತಾನ ಇಂದು ಸುಮಾರು 3,000. ಆದರೆ ಅವು ಕಿಕ್ಕಿರಿದಿರುವ ಕಡೆಗಳಲ್ಲಿ ಒಂದೊಂದರ ಪಾಲಿಗೆ ಬರುವ ಏಡಿ, ಚಿಪ್ಪುಗಳು ಕಡಿಮೆ. ಆಹಾರ ಕಡಿಮೆಯಾದಲ್ಲಿ ಮೊದಲು ಸೋಲುವವಳು ಹಾಲೂಡಿಸುವ ತಾಯಿ. ತಾಯಂದಿರು ಹೋದರೆ ಸಂಖ್ಯೆ ಏರುವುದು ಹೇಗೆ?

ಮಾಂಟೆರಿ ಬೇ ಅಕ್ವೇರಿಯಂನವರು ಇದಕ್ಕೊಂದು ದಾರಿ ಹುಡುಕಿದರು. ಅನಾಥವಾಗಿ ಸಿಕ್ಕ ಮರಿಗೆ ಮೊದಲ ವಾರಗಳಲ್ಲಿ ಸಿಬ್ಬಂದಿಯೇ ಬಾಟಲಿಯಲ್ಲಿ ಹಾಲು ಕೊಡುತ್ತಾರೆ. ಮರಿ ಮನುಷ್ಯರನ್ನು ಹಚ್ಚಿಕೊಳ್ಳಬಾರದೆಂದು ಮುಖ, ಮೈ ಮುಚ್ಚುವ ಗವಸು ತೊಟ್ಟು ಅದರ ಬಳಿ ಹೋಗುತ್ತಾರೆ. ಅನಂತರ ಅದನ್ನು ಕಡಲಿಗೆ ಮರಳಲಾಗದ ಹೆಣ್ಣು ನೀರುನಾಯಿಯೊಂದರ ಮಡಿಲಿಗೆ ಹಾಕುತ್ತಾರೆ. ಮುಳುಗುವುದು, ಏಡಿ ಹಿಡಿಯುವುದು, ಚಿಪ್ಪು ಒಡೆಯುವುದು, ತುಪ್ಪಳ ಒಪ್ಪ ಮಾಡುವುದು – ಎಲ್ಲವನ್ನೂ ಈ ಸಾಕುತಾಯಿ ಕಲಿಸುತ್ತದೆ. ಹೀಗೆ ಬೆಳೆದ 37 ನೀರುನಾಯಿಗಳನ್ನು 2002ರಿಂದ 2016ರ ನಡುವೆ ಎಲ್ಕ್‌ಹಾರ್ನ್ ಸ್ಲೂ ಎಂಬ ಅಳಿವೆಯಲ್ಲಿ ಬಿಡಲಾಯಿತು. ಆ ಅವಧಿಯಲ್ಲಿ ಅಲ್ಲಿ ಹೆಚ್ಚಿದ ನೀರುನಾಯಿಗಳ ಪೈಕಿ ಅರ್ಧಕ್ಕೂ ಹೆಚ್ಚು ಇವು ಮತ್ತು ಇವುಗಳ ಸಂತಾನವೆಂದು ಆಮೇಲಿನ ಅಧ್ಯಯನ ತೋರಿಸಿತು.

ಎಲ್ಕ್‌ಹಾರ್ನ್ ಸ್ಲೂನಲ್ಲಿ ಅಲೆಗಳ ಹೊಡೆತ ಕಡಿಮೆ, ಏಡಿಗಳು ಹೇರಳ. ಅಲ್ಲಿನ ತಾಯಿಗೆ ಹೊಟ್ಟೆ ತುಂಬಿಸಿಕೊಳ್ಳುವ ಅವಕಾಶ ಹೆಚ್ಚು. ವನ್ಯಜೀವಿ ಸಂರಕ್ಷಣೆ ಎಂದರೆ ಬೇಟೆ ತಡೆಯುವುದು, ಬೇಲಿ ಹಾಕುವುದು ಎಂದಷ್ಟೇ ಸಾಮಾನ್ಯವಾಗಿ ತಿಳಿಯುತ್ತೇವೆ. ಮರಿಗಳು ಉಳಿಯಬೇಕಾದರೆ ಮರಿಗಳನ್ನು ಕಾಯ್ದರೆ ಸಾಲದು, ಹಾಲೂಡಿಸುವ ತಾಯಿಯ ಊಟವನ್ನೂ ಕಾಯಬೇಕು. ಕಡಲ ತಳದ ಏಡಿ, ಚಿಪ್ಪುಗಳು ಉಳಿದರೆ ನೀರುನಾಯಿಯ ಹಾಲು ಉಳಿಯುತ್ತದೆ.